ದನಿಯನ್ನು ನಂಬಿ ಬದುಕಬಹುದೇ?



ಕಳೆದ ವರ್ಷದಿಂದೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ದೂರವಾಣಿಯಲ್ಲಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. ಸಿನಿಮಾ, ಧಾರಾವಾಹಿ, ಜಾಹೀರಾತುಗಳಿಗೆ ಕಂಠದಾನ ಮಾಡಿ ಜೀವನ ನಡೆಸಬಹುದೇ, ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕೇ ಎಂಬುದು ಆ ಪ್ರಶ್ನೆ. ಅವರಲ್ಲಿ ಒಬ್ಬನ ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಪದವಿ ಮುಗಿಸಿ ಸಿಂಧನೂರಿನ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ ಅವನು. ತರಬೇತಿ ಸಂಸ್ಥೆಯೊಂದು ಮೂರು ತಿಂಗಳ ಕಲಿಕೆಗೆ 60 ಸಾವಿರ ರೂಪಾಯಿ ಕೇಳಿದೆ. ಮನೆಯ ಎರಡು ಎಮ್ಮೆಗಳನ್ನು ಮಾರಿ ಹಣ ಹೊಂದಿಸಲು ತಂದೆ ಒಪ್ಪಿದ್ದಾರೆ.

"ಸರ, ನಿನ್ನ ದನಿ ಚಲೋ ಐತಿ ಅಂತ ಎಲ್ಲಾರೂ ಅಂತಾರ್ರಿ. ಎಮ್ಮಿ ಮಾರಿ ಹೋಗ್ಲೇನ್ರಿ?" ಎಂದ.

"ಎಮ್ಮಿ ಮನ್ಯಾಗ ಇರ್ಲಿ ತಮ್ಮಾ. ಮೊದಲು ಆರು ತಿಂಗಳು ಊರಾಗ ಕುಂತು ಓದು, ಓದಿದ್ದನ್ನ ಜನಕ್ಕ ಕೇಳಸು" ಎಂದೆ. ಹಾಗೇಕೆ ಹೇಳಿದೆನೆಂಬುದನ್ನು ಎಲ್ಲರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಂಠದಾನದ ಕೆಲಸವೇ ಕನ್ನಡದಲ್ಲಿ ಬಹುಕಾಲ ವಿರಳವಾಗಿತ್ತು. ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಅಲಿಖಿತ ನಿಷೇಧ ದಶಕಗಳ ಕಾಲ ಜಾರಿಯಲ್ಲಿತ್ತು. ಕನ್ನಡ ಗ್ರಾಹಕರ ಕೂಟದವರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಇದರ ವಿರುದ್ಧ ಆದೇಶ ನೀಡಿತು. 2017ರಲ್ಲಿ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡದ ಮಾತಾಡಿತು. 2020ರಲ್ಲಿ 'ಮಹಾಭಾರತ', 'ಮಹಾನಾಯಕ' ಧಾರಾವಾಹಿಗಳು ಮನೆಮನೆಗೆ ಬಂದವು. ಅಂಬೇಡ್ಕರರ ಬದುಕಿನ ಆ ಕಥೆಯನ್ನು ಎಷ್ಟೋ ಹಳ್ಳಿಗಳ ಜನ ಬ್ಯಾನರ್ ಕಟ್ಟಿ ಬರಮಾಡಿಕೊಂಡರು. ಹಿಂದಿಯಲ್ಲಿ ಆಡಿದ ಪಾತ್ರಗಳಿಗೆ ಕನ್ನಡದ ಉಸಿರು ಕೊಟ್ಟವರ ಮುಖವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಬಾಗಿಲು ತೆರೆದಿದೆ ಎಂಬುದು ನಿಜ. ಆದರೆ ಆ ಬಾಗಿಲವರೆಗೆ ದಢೇಸುಗೂರಿನ ಹುಡುಗನನ್ನು ಒಯ್ಯುವ ದಾರಿ ಯಾವುದು?

ಹಿಂದಿನ ದಾರಿ ಸಂಸ್ಥೆಗಳ ಮೂಲಕವೇ ಸಾಗುತ್ತಿತ್ತು. 2024ರ ಜುಲೈನಲ್ಲಿ ನಮ್ಮನ್ನಗಲಿದ ಅಪರ್ಣಾ ಅವರನ್ನು ನೆನೆಯಿರಿ. ಅಚ್ಚಗನ್ನಡದ ನಿರೂಪಣೆಗೆ ಹೆಸರಾಗಿದ್ದ ಅವರ ದನಿಯನ್ನು ಬೆಂಗಳೂರಿನ ಮೆಟ್ರೊ ಪ್ರಯಾಣಿಕರೆಲ್ಲ ಬಲ್ಲರು. 'ಮಸಣದ ಹೂವು' ಚಿತ್ರ, ಆಕಾಶವಾಣಿ, ದೂರದರ್ಶನಗಳು ಅವರ ಮೆಟ್ಟಿಲುಗಳಾದವು. ಅಂಥ ಮೆಟ್ಟಿಲು ಎಲ್ಲರಿಗೂ ದೊರೆಯುವುದಿಲ್ಲ.

ಮೆಟ್ಟಿಲು ಸಿಗದೆಡೆಯಲ್ಲಿ ತಾವೇ ಕಟ್ಟಿಕೊಂಡವರೂ ಕನ್ನಡದಲ್ಲಿದ್ದಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಬೋಧಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಪ್ರೇಷಕದ ಸಾಮರ್ಥ್ಯ ಕೇವಲ 30 ವಾಟ್. ಅದು 'ಆಕಾಶವಾಣಿ' ಎಂಬ ಹೆಸರು ಪಡೆಯಿತು. ಮುಂದೆ ಇಡೀ ದೇಶದ ಬಾನುಲಿಗೂ ಅದೇ ಹೆಸರಾಯಿತು. ಶಾಲಾ ಶಿಕ್ಷಕರಾಗಿದ್ದ ಗಳಗನಾಥರಂತೂ ತಾವು ಬರೆದ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರನ್ನು ಸಂಪಾದಿಸಿದರು. ಇಂದು ಮೊಬೈಲ್ ಫೋನಿನಲ್ಲಿ ಕಥೆಯೊಂದನ್ನು ಓದಿ ಅಂತರ್ಜಾಲಕ್ಕೆ ಏರಿಸುವ ಹುಡುಗ ಈ ಹಿರಿಯರ ಹಾದಿಯಲ್ಲೇ ಇದ್ದಾನೆಂದು ನನ್ನ ಭಾವನೆ.

ಆ ಹುಡುಗನಿಗೆ ಹೇಳಿದ ಕೆಲವು ಮಾತುಗಳು ನಿಮಗೂ ಉಪಯೋಗವಾಗಬಹುದು. ಮೊದಲನೆಯದು ಕೋಣೆ. ಖಾಲಿ ಗೋಡೆಗಳು ದನಿಯನ್ನು ಮರಳಿ ಎಸೆಯುತ್ತವೆ. ಅಜ್ಜಿ ಹೊಲಿದ ಕೌದಿಗಳನ್ನು ಮೂರು ಕಡೆ ತೂಗುಹಾಕಿದರೆ ಪ್ರತಿಧ್ವನಿ ಬಹುಮಟ್ಟಿಗೆ ಅಡಗುತ್ತದೆ. ಫ್ಯಾನ್ ಆರಿಸಿ, ಗದ್ದೆಯ ಪಂಪ್‌ಸೆಟ್ಟು ನಿಂತ ಹೊತ್ತಿನಲ್ಲಿ ಓದಬೇಕು.

ಎರಡನೆಯದು ವರ್ಣಮಾಲೆ. ಪ, ಫ, ಬ, ಭ, ಮ ಇವು ಓಷ್ಠ್ಯಗಳೆಂದು ನಿಮಗೆ ಪಾಠ ಮಾಡಿದ್ದೆ. ಈ ಅಕ್ಷರಗಳಲ್ಲಿ ತುಟಿ ಮುಚ್ಚುವುದು ತೆರೆಯ ಮೇಲೆ ಎದ್ದು ಕಾಣುತ್ತದೆ. ಹಿಂದಿಯ ನಟ "ಮೈಂ ಆಯಾ ಹೂಂ" ಎಂದಾಗ ಮೊದಲಿಗೇ ಅವನ ತುಟಿ ಮುಚ್ಚಿರುತ್ತದೆ. ಅಲ್ಲಿ "ನಾನು ಬಂದೆ" ಎಂದರೆ ತುಟಿಗೂ ಮಾತಿಗೂ ಹೊಂದುವುದಿಲ್ಲ. "ಬಂದೆ ನಾನು" ಎಂದರೆ ಹೊಂದುತ್ತದೆ. ಪದಗಳನ್ನು ಹಿಂದುಮುಂದು ಮಾಡಲು ಕನ್ನಡವು ಕೊಡುವ ಸ್ವಾತಂತ್ರ್ಯವೇ ಇಲ್ಲಿ ನೆರವಿಗೆ ಬರುತ್ತದೆ. ಮೈಕಿನ ಮುಂದೆ ಮಹಾಪ್ರಾಣವನ್ನು ಊದಬಾರದು. ಬಾಯಿಯನ್ನು ತುಸು ಓರೆಯಾಗಿಟ್ಟುಕೊಂಡು ನುಡಿಯಬೇಕು.

ಮೂರನೆಯದು ಓದುವ ಸಾಮಗ್ರಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಕೃತಿಯ ಹಕ್ಕು ವಾರಸುದಾರರದು. ಆದುದರಿಂದ 1942ರಲ್ಲಿ ತೀರಿಕೊಂಡ ಗಳಗನಾಥರು, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಮುಂತಾದವರ ಬರಹಗಳನ್ನು ಯಾರ ಅನುಮತಿಯೂ ಇಲ್ಲದೆ ಓದಿ ಪ್ರಕಟಿಸಬಹುದು. ಸಿನಿಮಾದ ತುಣುಕನ್ನೂ ಹಾಡನ್ನೂ ಎತ್ತಿಕೊಂಡರೆ ತೊಂದರೆ ತಪ್ಪಿದ್ದಲ್ಲ.

ನಮ್ಮ ಸೀಮೆಯವರಿಗೆ ಇನ್ನೊಂದು ಅನುಕೂಲವಿದೆ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಕ್ಯಾಂಪುಗಳ ತೆಲುಗು, ಪುನರ್ವಸತಿ ಕಾಲೊನಿಗಳ ಬಂಗಾಳಿ, ಪೇಟೆಯ ಉರ್ದು ಎಲ್ಲವೂ ನಿಮ್ಮ ಕಿವಿಗೆ ಬಿದ್ದಿವೆ. ಬೇರೆ ಭಾಷೆಯ ನಟನ ಏರಿಳಿತವನ್ನು ಹಿಡಿಯಲು ಇಂಥ ಕಿವಿಯೇ ಬೇಕು. ಹಾಗೆಂದು ನಮ್ಮ ಮಾತನ್ನು ಮರೆತು ಪೂರ್ತಿ ಬೆಂಗಳೂರಿನವರಾಗಬೇಕಿಲ್ಲ. ನಮ್ಮ ಕನ್ನಡವನ್ನು ನಗೆಪಾತ್ರಕ್ಕಷ್ಟೇ ಮೀಸಲಿಡುವ ಪದ್ಧತಿ ಚಿತ್ರರಂಗದಲ್ಲಿ ಬಹುದಿನಗಳಿಂದ ಇದೆ. ಗ್ರಾಂಥಿಕ ಭಾಷೆಯನ್ನು ಸ್ವಚ್ಛವಾಗಿ ಓದಬಲ್ಲವನು, ಅಳುವ ತಾಯಿಯ ಮಾತನ್ನು ರಾಯಚೂರಿನ ಕನ್ನಡದಲ್ಲೇ ಗಂಭೀರವಾಗಿ ನುಡಿಯಬಲ್ಲವನಾದರೆ ಅವನಲ್ಲಿ ಎರಡು ಬಂಡವಾಳಗಳಿವೆ.

ಆ ಹುಡುಗ ಎಮ್ಮೆ ಮಾರಲಿಲ್ಲ. ವಾರಕ್ಕೆ ಎರಡರಂತೆ ಕಥೆಗಳನ್ನು ಓದಿ ಏರಿಸಿದ. ಮೊದಲ ತಿಂಗಳು ಕೇಳಿದವರು ಬಹುಪಾಲು ಅವನ ಬಂಧುಗಳೇ. ಐದನೆಯ ತಿಂಗಳು ಯಾರೋ ಆ ಧ್ವನಿಮುದ್ರಣ ಕೇಳಿ, ಬೀಜೋಪಚಾರ ಕುರಿತ ವಿಡಿಯೊವೊಂದಕ್ಕೆ ಓದಿಸಿ 1,500 ರೂಪಾಯಿ ಕೊಟ್ಟರು. ಅದರಿಂದ ಸಂಸಾರ ನಡೆಯದು. ಅಂಗಡಿಯ ಕೆಲಸವನ್ನು ಅವನು ಬಿಟ್ಟಿಲ್ಲ, ಬಿಡಬೇಡವೆಂದು ನಾನೂ ಹೇಳಿದ್ದೇನೆ. ಆದರೆ ತನ್ನ ದನಿಯ ಬೆಲೆಯನ್ನು ಅವನು ಸಾಲವಿಲ್ಲದೆ ಅಳೆದುಕೊಂಡ. ಇನ್ನು ಬೆಂಗಳೂರಿಗೆ ಹೋದರೂ ತೋರಿಸಲು ಕೈಯಲ್ಲಿ ಕೆಲಸವಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸ್ವಲ್ಪ ಹೊತ್ತಿನ ಮಾದರಿ ಸಿಕ್ಕರೂ ಒಬ್ಬರ ಕಂಠವನ್ನು ಕೃತಕ ಬುದ್ಧಿಮತ್ತೆಯ ಯಂತ್ರ ಅನುಕರಿಸುವ ಕಾಲವಿದು. ಸಣ್ಣಪುಟ್ಟ ಕೆಲಸಗಳು ಯಂತ್ರದ ಪಾಲಾಗುವ ಭಯವೂ ಸುಳ್ಳಲ್ಲ. ಕರಾರಿಗೆ ಸಹಿ ಹಾಕುವ ಮೊದಲು, ನಿಮ್ಮ ದನಿಯಿಂದ ಕೃತಕ ದನಿ ತಯಾರಿಸುವ ಹಕ್ಕನ್ನು ಬರೆಸಿಕೊಳ್ಳುತ್ತಿದ್ದಾರೆಯೇ ಎಂದು ಪ್ರತಿ ಸಾಲನ್ನೂ ಓದಿ. ಅರ್ಥವಾಗದಿದ್ದರೆ ನನಗೆ ತೋರಿಸಿ. ನೀವು ಓದಿದ್ದನ್ನೂ ಕಳುಹಿಸಿ. 'ಳ'ಕಾರ, 'ಶ'ಕಾರಗಳ ತಪ್ಪು ಎಣಿಸಲು ಈ ನಿವೃತ್ತ ಮಾಸ್ತರನಿಗೆ ಬೇಕಾದಷ್ಟು ಸಮಯವಿದೆ.