ಮುಟ್ಟಬಾರದ ಪಿಯಾನೋ

ಹೆನ್ರಿಕ್ ಗುರೆಟ್ಸ್ಕಿಗೆ ಎರಡು ವರ್ಷವಾಗಿದ್ದಾಗ ಅಮ್ಮ ತೀರಿಹೋದಳು. ಆಕೆಯ ಹಳೇ ಪಿಯಾನೋ ಮನೆಯಲ್ಲೇ ಇತ್ತು, ಆದ್ರೆ ಹುಡುಗ ಮುಟ್ಟೋ ಹಾಗಿರಲಿಲ್ಲ. ಅಪ್ಪನಿಗೂ ಮಲತಾಯಿಗೂ ಈ ಸಂಗೀತದ ಹುಚ್ಚು ಇಷ್ಟವಿರಲಿಲ್ಲ. (ನಮ್ಮೂರಲ್ಲೂ ಅಷ್ಟೇ, ಹಾರ್ಮೋನಿಯಂ ಮುಟ್ಟಿದ್ರೆ ‘ಅದೇನು ಹೊಟ್ಟೆ ತುಂಬ್ಸುತ್ತಾ’ ಅಂತಿದ್ರು.) ಪೋಲೆಂಡಿನ ಸಿಲೇಸಿಯಾದಲ್ಲಿ 1933ರಲ್ಲಿ ಹುಟ್ಟಿದ ಈ ಹಳ್ಳಿ ಹುಡುಗ ಮುಂದೆ ದೊಡ್ಡ ಸಂಗೀತಕಾರನಾದ.

1976ರಲ್ಲಿ ಬರೆದ ಮೂರನೇ ಸಿಂಫನಿಯಲ್ಲಿ ಮೂರು ಭಾಗ, ಮೂರೂ ನಿಧಾನ. ಎರಡನೆಯದರಲ್ಲಿ ಸೊಪ್ರಾನೊ ಹಾಡೋದು, ಜಕೊಪಾನೆಯ ಗೆಸ್ಟಾಪೊ ಸೆರೆಮನೆಯ ಗೋಡೆ ಮೇಲೆ 1944ರಲ್ಲಿ 18ರ ಹುಡುಗಿಯೊಬ್ಬಳು ಗೀಚಿದ ಮಾತು. ಸುತ್ತ ಬೇರೆ ಕೈದಿಗಳ ಕೂಗು, ಶಾಪ. ಇವಳು ಮಾತ್ರ ಅಮ್ಮನಿಗೆ ಅಳಬೇಡ ಅಂತಾಳೆ. ಗುರೆಟ್ಸ್ಕಿಯನ್ನ ಹಿಡಿದು ನಿಲ್ಲಿಸಿದ್ದೇ ಅದು.

1992ರ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯ್ತು. ನಮ್ಮ ಆಫೀಸಲ್ಲಾಗಿದ್ರೆ ‘ವರ್ಷನ್ ಟೂ ಯಾವಾಗ’ ಅಂತ ಮೀಟಿಂಗ್ ಕರೀತಿದ್ರು. ಆತ ಅದೇ ಅಚ್ಚಿನ ಇನ್ನೊಂದನ್ನ ಬರೆದುಕೊಡಲಿಲ್ಲ. 2010ರಲ್ಲಿ ತೀರಿಕೊಂಡ.

ನಮ್ಮಮ್ಮ ಹೋಗಿ ಮೂರು ವರ್ಷ. ಆಸ್ಪತ್ರೆಯಲ್ಲಿ ಅವಳೇ ನನಗೆ ಅಳಬೇಡ ಅಂದಿದ್ದಳು. ರಾತ್ರಿ ರಿಲೀಸ್ ಇದ್ದಾಗ ಹೆಡ್‌ಫೋನಲ್ಲಿ ಈ ಎರಡನೇ ಭಾಗ ಶುರುವಾದ್ರೆ ಕೀಬೋರ್ಡಿಂದ ಕೈ ತಾನಾಗೇ ಹಿಂದೆ ಬರುತ್ತೆ. ಬಿಲ್ಡ್ ಓಡ್ತಾ ಇರುತ್ತೆ. ಓಡಲಿ.