ಬೆನ್ನು ನಮ್ಮದು, ಭಾರ ಯಾರದು?

ನಮ್ಮ ಹೆಂಗಸರ ಬಾಯಲ್ಲಿ ಈ ಕಾಯಿಲೆಗೆ ಹೆಸರಿಲ್ಲ. 'ಕೆಳಗೆ ಏನೋ ಇಳಿದಂಗೆ ಆಯ್ತದೆ ಕಣಕ್ಕಾ' ಅಂತೀವಿ, ಸೆರಗು ಬಿಗಿದು ಮತ್ತೆ ಪೊರಕೆ ಹಿಡೀತೀವಿ. ಡಾಕ್ಟರು ಇದನ್ನು ಗರ್ಭಕೋಶ ಜಾರುವುದು ಅನ್ನುತ್ತಾರೆ. ಗರ್ಭಕೋಶವೊಂದೇ ಅಲ್ಲ, ಉಚ್ಚೆಚೀಲವೂ ಮಲದ ಹಾದಿಯೂ ಹಾಗೆ ಜೋತುಬೀಳಬಹುದು.

ಹೆಬ್ಬಾಳ, ಆರ್.ಟಿ. ನಗರದ ಬೀದಿ ಗುಡಿಸುವ ನಾವು, ಯಶವಂತಪುರದ ಮಂಡಿಯಲ್ಲಿ ಉದುರಿದ ಕಾಳು ಬಳಿದು ಕೇರುವ ನಾವು, ಯಲಹಂಕದ ಹೊಸ ಕಟ್ಟಡಗಳಿಗೆ ಬಾಂಡಲಿ ಹೊರುವ ನಾವು ಇದನ್ನು ಗಂಡನಿಗೂ ಹೇಳುವುದಿಲ್ಲ. ನಾಚಿಕೆ ಬಿಟ್ಟು ಒಂದು ಆಸ್ಪತ್ರೆಗೆ ಹೋದರೆ, 'ಮಕ್ಕಳಾಗಿವೆಯಲ್ಲಮ್ಮ, ತೆಗೆಸಿಬಿಡು' ಅಂದರು. ಕಸ ತೆಗೆಯುವವರ ಗರ್ಭಕೋಶವೂ ಕಸವೇ?

ತೆಗೆಸುವ ಮೊದಲು ಎರಡು ದಾರಿಗಳಿವೆ. ಒಂದು ಕಸರತ್ತು, ಇನ್ನೊಂದು ನಿಲುವು.

ಸೊಂಟದ ಮೂಳೆಗಳ ನಡುವೆ, ತಳದಲ್ಲಿ, ಸೀರೆಯ ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಹೆರಿಗೆಯಲ್ಲಿ ಅವು ಹಿಗ್ಗುತ್ತವೆ, ಕೆಲವರಿಗೆ ಹರಿಯುತ್ತವೆ. ಅವನ್ನು ಬಲಪಡಿಸುವ ಬಗೆಯನ್ನು ಅಮೆರಿಕದ ಡಾಕ್ಟರು ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದರು. ಉಚ್ಚೆ, ಹೂಸು ತಡೆಯುವಂತೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು. ಉಸಿರು ಕಟ್ಟಬಾರದು. ಆದಷ್ಟು ಹೊತ್ತು ಹಿಡಿದು ಸಡಿಲ ಬಿಡಬೇಕು. ಸಲಕ್ಕೆ ಎಂಟು-ಹತ್ತರಂತೆ ದಿನಕ್ಕೆ ಮೂರು ಸಲ, ನಾಲ್ಕು ತಿಂಗಳು. ಬಸ್ಸಲ್ಲಿ ಕೂತೂ ಮಾಡಬಹುದು; ಯಾರಿಗೂ ಕಾಣದು, ಕಾಸೂ ಬೇಡ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಹೆಂಗಸರ ಮೇಲೆ ನಡೆದ ಪರೀಕ್ಷೆ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಒಬ್ಬೊಬ್ಬರಿಗೂ ಕಲಿಸಿ ಮಾಡಿಸಿದ ಗುಂಪಿಗೆ ವರ್ಷದ ಮೇಲೆ ತೊಂದರೆ ಕಮ್ಮಿಯಿತ್ತು. ಆದರೆ ಪೂರ್ತಿ ಹೊರಬಂದದ್ದನ್ನು ಕಸರತ್ತು ಒಳಕ್ಕೆ ಕಳಿಸದು. ಅದಕ್ಕೆ ಡಾಕ್ಟರು ಇಡುವ ರಿಂಗು, ಇಲ್ಲವೇ ಆಪರೇಷನ್ನು.

ಇನ್ನು ನಿಲುವು. ನಡುವಿನ ಸಹಜ ಬಾಗು ಉಳಿಸಿಕೊಂಡು ನಿಲ್ಲು, ಹೊಟ್ಟೆ ಬಿಗಿ ಹಿಡಿಯಬೇಡ, ಸೊಂಟದ ಕೀಲಿನಿಂದ ಬಗ್ಗು, ಭಾರ ಎತ್ತುವಾಗ ತಿಣುಕದೆ ಉಸಿರು ಬಿಡು. ಅಮೆರಿಕದ ಕ್ರಿಸ್ಟೀನ್ ಕೆಂಟ್ ಎಂಬಾಕೆ ಈ ನಿಲುವನ್ನೇ ಮುಖ್ಯ ಮಾಡಿದರು. ಕಸರತ್ತಿಗಿರುವಷ್ಟು ಪರೀಕ್ಷೆಯ ಬಲ ಇದಕ್ಕಿಲ್ಲ. ಆದರೂ ತಿಣುಕಿ ಎತ್ತಿದರೆ ಹೊಟ್ಟೆಯ ಒತ್ತಡ ಆ ಜೋಲಿಯ ಮೇಲೆ ಬೀಳುವುದು ನಿಜ.

ಈಗ ನಮ್ಮ ಪ್ರಶ್ನೆ. ಕಸರತ್ತು ನಮ್ಮ ಕೈಲಿದೆ. ನಿಲುವು ಯಾರ ಕೈಲಿದೆ? ಗಿಡ್ಡ ಪೊರಕೆ ಕೊಟ್ಟು ಬೆನ್ನು ನೆಟ್ಟಗಿಡು ಅಂದರೆ ಹೆಂಗೆ? ತುಂಬಿದ ಗಾಡಿ ನೂಕುವಾಗ, ಬಾಂಡಲಿ ತಲೆಗೇರಿಸುವಾಗ, ಮೇಸ್ತ್ರಿ 'ಬೇಗ ಬೇಗ' ಅನ್ನುವಾಗ ಉಸಿರು ಬಿಡೋಕೂ ಪುರುಸೊತ್ತಿಲ್ಲ. ಕೆಗೆಲ್ ಬರೆದ ಅದೇ 1948ರಲ್ಲಿ ಈ ದೇಶದ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನು, ಮೈಗೆ ಪೆಟ್ಟಾಗುವಷ್ಟು ಭಾರ ಹೊರಿಸಬಾರದು ಎಂದಿತು. ಬೀದಿ ಕಾರ್ಖಾನೆ ಅಲ್ಲವಲ್ಲ! 2017ರಲ್ಲಿ ಮೊದಲ ಎರಡು ಹೆರಿಗೆಗೆ ರಜೆ 26 ವಾರವಾಯಿತು. ದಿನಗೂಲಿಯವಳಿಗೆ ಆ ರಜೆ ಬರೆದುಕೊಡುವವರು ಯಾರು? ಹಸಿಮೈಯಲ್ಲಿ ಭಾರ ಎತ್ತಬಾರದು ಅಂತ ನಮ್ಮವ್ವಂದಿರಿಗೂ ಗೊತ್ತಿತ್ತು. ಗೊತ್ತಿದ್ದೂ ಎತ್ತಿದರು. ಕೂಲಿ ಬೇಕಿತ್ತು.

ಅಕ್ಕಂದಿರೇ, ಕಸರತ್ತನ್ನು ತಿಳಿದವರಿಂದ ಕಲಿತು ಇವತ್ತೇ ಶುರು ಮಾಡೋಣ. ರಕ್ತ ಕಂಡರೆ, ಉಚ್ಚೆ ಕಟ್ಟಿದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗೋಣ. ಜೊತೆಗೆ ಉದ್ದ ಹಿಡಿಯ ಪೊರಕೆ ಕೇಳೋಣ, ಒಬ್ಬರಿಗಾಗದ ಭಾರಕ್ಕೆ ಇಬ್ಬರನ್ನು ಕೇಳೋಣ, ಬಾಣಂತಿಗೆ ಕೂಲಿ ಸಮೇತ ರಜೆ ಕೇಳೋಣ. ಮೈ ಉಳಿಸಿಕೊಳ್ಳುವ ಕೆಲಸ ನಮ್ಮದು. ಭಾರ ಇಳಿಸುವ ಕೆಲಸ ಹೊರಿಸಿದವರದು.