ಹಬ್ಬ ಮುಗಿಸಿ ಮನೆಗೆ ಬನ್ನಿ, ಅಭಿಮಾನಿ ದೇವರೇ!

ಮೆಜೆಸ್ಟಿಕ್ ಸುತ್ತಮುತ್ತ ಬದುಕುವವನ ಪಂಚಾಂಗವೇ ಬೇರೆ ಸ್ವಾಮಿ! ಯುಗಾದಿ, ದೀಪಾವಳಿ ಮನೆಯವರ ಪಾಲಿಗೆ. ನಮ್ಮ ಹಬ್ಬಗಳು ಹೀಗಿವೆ: ಜನವರಿ 8 ಯಶ್, ಮಾರ್ಚ್ 17 ಅಪ್ಪು, ಏಪ್ರಿಲ್ 24 ಅಣ್ಣಾವ್ರು, ಸೆಪ್ಟೆಂಬರ್ 18 ಸಾಹಸಸಿಂಹ, ನವೆಂಬರ್ 9 ಶಂಕರಣ್ಣ. ನಡುವೆ ಬರುವ ಪ್ರತಿ ಶುಕ್ರವಾರ ಒಂದೊಂದು ಮರಿಹಬ್ಬ. ಕೆ.ಜಿ. ರೋಡಿನಲ್ಲಿ ತಮಟೆ ಸದ್ದು ಕೇಳಿದರೆ ಸಾಕು, ಕುಡಿಯುತ್ತಿದ್ದ ಕಾಫಿ ಲೋಟ ಅಲ್ಲೇ ಇಟ್ಟು ಓಡುವ ಜಾತಿ ನಮ್ಮದು. ಅಲಂಕಾರ್ ಹೋಗಿ ಪ್ಲಾಜಾ ಆಯಿತು. ಕಪಾಲಿಯನ್ನು ಕೆಡವಿದರು. ಈ ಜಾಗಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೇ ಇಲ್ಲ. ಆದರೆ ಕಟೌಟ್‌ಗೆ ಹಾರ ಹಾಕೋ ಉಮೇದು ಮಾತ್ರ ಹಾಗೇ ಇದೆ!

ಆ ಉಮೇದಿನ ನಡುವೆಯೇ ಒಂದು ಸುದ್ದಿ ಬಂತು. 2024ರ ಜನವರಿ 8. ಗದಗ ಜಿಲ್ಲೆ, ಲಕ್ಷ್ಮೇಶ್ವರ ತಾಲ್ಲೂಕು, ಸೂರಣಗಿ ಗ್ರಾಮ. ಯಶ್ ಹುಟ್ಟುಹಬ್ಬಕ್ಕೆಂದು ರಾತ್ರಿ ಹುಡುಗರು ಕಟೌಟ್ ನಿಲ್ಲಿಸುತ್ತಿದ್ದರು. ಅದು ತಲೆ ಮೇಲಿನ ಕರೆಂಟ್ ತಂತಿಗೆ ತಗುಲಿತು. ಮೂವರು ಸತ್ತರು, ಮೂವರು ಗಾಯಗೊಂಡರು. ಸತ್ತವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಪೇಪರು ಮಡಚಿಟ್ಟೆ. ಆವತ್ತು ಯಾವ ತಮಟೆಯೂ ಕಿವಿಗೆ ಹಿತವಾಗಲಿಲ್ಲ.

ಮುಂದೊಂದು ದಿನ ಅದೇ ಲಕ್ಷ್ಮೇಶ್ವರದಲ್ಲಿ ಸ್ನೇಹಿತನ ಮದುವೆ ಬಂತು. ರಾತ್ರಿ ಹುಬ್ಬಳ್ಳಿ ಬಸ್ ಹತ್ತಿದೆ. ಪಕ್ಕದ ಸೀಟಿನಲ್ಲೊಬ್ಬ ಹುಡುಗ. ಪೀಣ್ಯದಲ್ಲಿ ಕೆಲಸ, ಊರು ಹಾವೇರಿ ಕಡೆ. ಸುರುಳಿ ಸುತ್ತಿದ ಫ್ಲೆಕ್ಸನ್ನು ಹಸುಗೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದ.

"ಯಾರದಪ್ಪಾ ಇದು?" ಅಂದೆ.

"ನಮ್ ಬಾಸ್‌ದ್ರಿ ಅಣ್ಣಾ! ಇಪ್ಪತ್ತು ಅಡಿ ಐತ್ರಿ. ಓಟಿ ಮಾಡಿದ ರೊಕ್ಕದಾಗ ಮಾಡಿಸೀನ್ರಿ."

"ಯಾವಾಗ ಕಟ್ಟೋದು?"

"ರಾತ್ರಿ ಹನ್ನೆರಡಕ್ಕ್ರಿ. ಹಗಲಿ ಕಟ್ಟಿದ್ರ ಮಜಾ ಇರಂಗಿಲ್ರಿ."

"ಮೇಲೆ ತಂತಿ ಇದೆಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಐತ್ರಿ... ಆದ್ರ ಹಿಡಿಯಾಕ ಹತ್ತು ಮಂದಿ ಅದೀವ್ರಿ."

ಸಮಸ್ಯೆ ಇರೋದೇ ಅಲ್ಲಿ ನೋಡಿ! ಹತ್ತು ಮಂದಿ ಹಿಡಿದರೆ ಬಲ ಹೆಚ್ಚು ಅಂತ ನಾವು ಅಂದುಕೊಳ್ಳುತ್ತೇವೆ. ಕರೆಂಟಿಗೆ ಅದೇ ಅನುಕೂಲ. ಫ್ಲೆಕ್ಸಿನ ಚೌಕಟ್ಟು ಕಬ್ಬಿಣದ್ದಾದರೆ ಮುಟ್ಟಿದವರಿಗೆಲ್ಲ ಒಟ್ಟಿಗೇ ಹೊಡೆಯುತ್ತೆ. ಬಿದಿರು ಅಂತ ನಂಬುವಂತಿಲ್ಲ, ಇಬ್ಬನಿಗೆ ನೆನೆದ ಬಿದಿರಿನಲ್ಲೂ ಕರೆಂಟ್ ಹರಿಯುತ್ತೆ. ನಮ್ಮ ಮನೆಯ ಪ್ಲಗ್ಗಿನಲ್ಲಿ ಇರೋದು 230 ವೋಲ್ಟು. ಊರಿನ ಟ್ರಾನ್ಸ್‌ಫಾರ್ಮರಿಗೆ ಬರುವ ತಂತಿಯಲ್ಲಿ 11,000! ಕೈ ಬಿಡಬೇಕು ಅಂದುಕೊಂಡರೂ ಸ್ನಾಯು ಬಿಗಿದುಕೊಂಡು ಬಿಡೋಕಾಗಲ್ಲ. ಸೂರಣಗಿಯ ಸುದ್ದಿ ಹೇಳಿದೆ. "ಗೊತ್ತೈತ್ರಿ," ಅಂದು ಕಿಟಕಿಯಾಚೆ ನೋಡಿದ.

ಚಿತ್ರದುರ್ಗ ದಾಟಿತು. ದಾವಣಗೆರೆಗೆ ಮುಂಚೆ ಆನಗೋಡು. 1990ರ ಸೆಪ್ಟೆಂಬರ್ 30ರಂದು ನಮ್ಮ ಶಂಕರ್‌ನಾಗ್ ಕಾರು ಅಪಘಾತಕ್ಕೆ ಸಿಕ್ಕಿದ್ದು ಇದೇ ರಸ್ತೆಯಲ್ಲಿ, ಇಲ್ಲೇ ಹತ್ತಿರ. ಆಗ ಅವರಿಗೆ ಬರೀ 35. 1980ರಲ್ಲಿ 'ಆಟೋ ರಾಜ' ಆದ ಮನುಷ್ಯ ಇವತ್ತಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ನಗುತ್ತಿದ್ದಾರೆ. ಹುಡುಗನಿಗೆ ಹೇಳಿದೆ. ಶಂಕರಣ್ಣ ಹೋದ ಎಷ್ಟೋ ವರ್ಷದ ಮೇಲೆ ಹುಟ್ಟಿದವನು ಅವನು. ಆದರೂ ತಲೆಗೆ ಸುತ್ತಿದ್ದ ಟವಲ್ ತೆಗೆದು ಕತ್ತಲಿಗೇ ಕೈ ಮುಗಿದ. ಅಭಿಮಾನ ಅಂದರೆ ಇದು ಕಣ್ರೀ! ಇದನ್ನು ಹುಚ್ಚು ಅಂತ ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ.

ಹಾವೇರಿಯಲ್ಲಿ ಇಳಿಯುವಾಗ ಅವನೇ ಅಂದ: "ಶಾಲಿ ಮೈದಾನದಾಗ ತಂತಿ ಇಲ್ರಿ ಅಣ್ಣಾ. ಅಲ್ಲೇ ಕಟ್ಟಿದ್ರ ಹೆಂಗ?" ಕಟ್ಟಿದನೋ ಇಲ್ಲವೋ, ನನಗೆ ಸುದ್ದಿಯಿಲ್ಲ.

ಲಕ್ಷ್ಮೇಶ್ವರ ಅಂದರೆ ಸಾಮಾನ್ಯ ಊರಲ್ಲ. ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ 'ಕವಿರಾಜಮಾರ್ಗ' ಎಣಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಮದುವೆ ಊಟ ಮುಗಿಸಿ ಸೋಮೇಶ್ವರನ ಗುಡಿಯ ಕಲ್ಲುಜಗಲಿಯಲ್ಲಿ ಕೂತೆ. ಸೂರಣಗಿ ಇದೇ ತಾಲ್ಲೂಕಿನಲ್ಲಿದೆ ಅನ್ನೋದು ತಲೆಯಿಂದ ಹೋಗಲಿಲ್ಲ. ಯಶ್ ಆವತ್ತೇ ಆ ಊರಿಗೆ ಓಡಿಬಂದಿದ್ದರು. ಬಸ್ ಡ್ರೈವರ್ ಮಗ ಅವರು, ಮನೆಯವರು ದಾರಿ ಕಾಯೋದು ಅಂದರೆ ಏನು ಅಂತ ಬಲ್ಲವರು. ಬ್ಯಾನರು ಕಟ್ಟಿ ಪ್ರಾಣಕ್ಕೆ ಅಪಾಯ ತಂದುಕೊಳ್ಳಬೇಡಿ ಅಂತ ಬೇಡಿಕೊಂಡರು. ಹೀರೋನೇ ಬೇಡ ಅಂದ ಮೇಲೆ ಯಾರನ್ನು ಮೆಚ್ಚಿಸೋಕೆ ಈ ಸಾಹಸ, ಹೇಳಿ?

ಇದೇನೂ ಹಳ್ಳಿ ಹುಡುಗರ ಕಥೆ ಅಂದುಕೊಳ್ಳಬೇಡಿ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಗೆದ್ದಾಗ ಬೆಂಗಳೂರು ನಿದ್ದೆ ಮಾಡಲಿಲ್ಲ. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತ. 11 ಜನ ಸತ್ತರು. ಸುಮಾರು 35 ಸಾವಿರ ಮಂದಿ ಹಿಡಿಸುವ ಜಾಗದ ಸುತ್ತ ಲಕ್ಷಗಟ್ಟಲೆ ಜನ! ಹಿಂದಿನವನು ತಳ್ಳುತ್ತಾನೆ, ಮುಂದಿನವನಿಗೆ ಉಸಿರಿಲ್ಲ. ಹಿಂದಿನವನಿಗೆ ಅದು ಗೊತ್ತೇ ಆಗೋದಿಲ್ಲ. ಗಾಂಧಿ ಕ್ಲಾಸ್ ಟಿಕೆಟ್‌ಗೆ ನುಗ್ಗಿದವರಿಗೆಲ್ಲ ಈ ಒತ್ತಡದ ರುಚಿ ಗೊತ್ತು.

ಹಾಗಾದರೆ ಅಭಿಮಾನ ಬಿಟ್ಟುಬಿಡೋದಾ? ಛೆ, ಬಿಡ್ತು ಅನ್ನಿ! ಅದಕ್ಕೂ ನಮ್ಮವರೇ ದಾರಿ ತೋರಿಸಿದ್ದಾರೆ. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದಾಗ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗಲೂ ಅಷ್ಟೇ. ಪ್ರತಿ ಕಣ್ಣಿನ ಮುಂಪದರವನ್ನು ಎರಡು ಭಾಗ ಮಾಡಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು ಡಾಕ್ಟರು. ಆಮೇಲೆ ಅಭಿಮಾನಿಗಳು ಕಣ್ಣು ಬರೆದುಕೊಡಲು ಸಾಲುಗಟ್ಟಿದರು. ಆ ಸಾಲಿನಲ್ಲಿ ನೂಕುನುಗ್ಗಲಿಗೆ ಯಾರೂ ಸಾಯಲಿಲ್ಲ ಕಣ್ರೀ!

ಅಣ್ಣಾವ್ರು ನಮ್ಮನ್ನು 'ಅಭಿಮಾನಿ ದೇವರುಗಳು' ಅಂದರು. ಯಾವ ಊರಿನ ದೇವರೇ ಆಗಲಿ, ಉತ್ಸವ ಮುಗಿದ ಮೇಲೆ ಗುಡಿಗೆ ವಾಪಸ್ ಬರಲೇಬೇಕು. ಹುಟ್ಟುಹಬ್ಬ ಮಾಡಿ, ಕೇಕ್ ಕತ್ತರಿಸಿ, ಶಿಳ್ಳೆ ಹೊಡೆದು ಗಂಟಲು ಹರಕೊಳ್ಳಿ. ಕಟೌಟ್ ಬೇಕೇ ಬೇಕು ಅಂದರೆ ಹಗಲು ಹೊತ್ತಿನಲ್ಲಿ, ತಂತಿಯಿಲ್ಲದ ಬಯಲಲ್ಲಿ, ಊರಿನ ಲೈನ್‌ಮನ್‌ನ ಒಂದು ಮಾತು ಕೇಳಿ ನಿಲ್ಲಿಸಿ. ಹೀರೋ ಮುಖ ನೋಡೋದಕ್ಕೆ ಮೊದಲು ಒಂದ್ಸಲ ಅವನ ತಲೆ ಮೇಲೇನಿದೆ ನೋಡಿ ಗುರೂ!